ಏಳು ಅಂದರೆ ಹೇಳು

೧೪ ಜುಲೈ ೧೯೮೬, ಸೋಮವಾರ

ಇವತ್ತಿನ ಸಿಟ್ಟನ್ನು ಎಲ್ಲಿ ಇಳಿಸಬೇಕೋ ತಿಳಿಯದೆ ಇಲ್ಲಿ ಇಳಿಸುತ್ತಿದ್ದೇನೆ. ಬೆಂಗಳೂರಿನ ಮಕ್ಕಳ ಸಂಸ್ಥೆಗಳ ಒಕ್ಕೂಟದಿಂದ ಒಬ್ಬ ಬಂದಿದ್ದ. ಆದಿನಾರಾಯಣ ಅಂತ ಹೆಸರು, ಶಿವಮೊಗ್ಗದ ಕಡೆಯವನಂತೆ, ಗಡ್ಡ ಇನ್ನೂ ಸರಿಯಾಗಿ ಮೂಡಿಲ್ಲ. ನಮ್ಮ ಬಾಲಕಿಯರ ನಿಲಯಕ್ಕೆ ಅಕ್ಕಿ, ಹಾಸಿಗೆ, ವಾರ್ಡನ್ ಆದ ನನ್ನ ಸಂಬಳ, ಎಲ್ಲ ಬರುವುದು ಆ ಒಕ್ಕೂಟದ ಅನುದಾನದಿಂದ. ಇನ್ನು ಮುಂದೆ ಅದು ಬರಬೇಕಾದರೆ ನಮಗೊಂದು ಪ್ರಮಾಣಪತ್ರ ಬೇಕಂತೆ. ಇಲ್ಲಿ ಮಕ್ಕಳು ಸುರಕ್ಷಿತವಾಗಿದ್ದಾರೆ ಅಂತ ಪ್ರಮಾಣಪತ್ರ! ಇಷ್ಟು ವರ್ಷ ಈ ಹೆಣ್ಣುಮಕ್ಕಳ ಹೇನು ಹೆಕ್ಕಿ, ಜ್ವರಕ್ಕೆ ಕಷಾಯ ಕುಡಿಸಿ, ಬಂಗಾರಪೇಟೆ ಸ್ಟೇಷನ್ನಿನ ಪೋಲಿಗಳಿಗೆ ಪೊರಕೆ ತೋರಿಸಿದವಳು ನಾನು. ನನಗೆ ಇವನು ಪಾಠ ಹೇಳಬೇಕೆ?

ಬಂದವನೇ ಕುರ್ಚಿಯಲ್ಲಿ ಕೂತ. “ಏಳಿ ಸಾರ್, ಏನಾಗ್ಬೇಕಿತ್ತು?” ಅಂದೆ. ದಡಕ್ಕನೆ ಎದ್ದು ನಿಂತುಬಿಟ್ಟ. ನಾನು ಹೇಳಿ ಅಂದದ್ದು ಅವನಿಗೆ ಎದ್ದೇಳಿ ಅಂತ ಕೇಳಿಸಿತು. ಬರೆಯುವಾಗ ನಾನು ಹಕಾರ ಹಾಕುತ್ತೇನೆ. ಮಾತಾಡುವಾಗ ಅದು ನಾಲಿಗೆಗೆ ಬರುವುದಿಲ್ಲ, ನಮ್ಮ ಕೋಲಾರದ ಸೀಮೆಯಲ್ಲಿ ಯಾರಿಗೂ ಬರುವುದಿಲ್ಲ. ಅಡುಗೆಯ ಪೆದ್ದಮ್ಮ ಬಾಗಿಲ ಹಿಂದೆ ಬಾಯಿಗೆ ಸೆರಗಿಟ್ಟುಕೊಂಡು ನಕ್ಕಳು. ಅವನು ನಿಂತೇ ಮಾತಾಡಿದ. ನಾನೂ ಕೂರಿ ಅನ್ನಲಿಲ್ಲ.

ಬಾವಿಗೆ ಮುಚ್ಚಳ ಹಾಕಿಸಿ, ಬಚ್ಚಲಿಗೆ ಒಳಗಿನಿಂದ ಚಿಲಕ ಹಾಕಿಸಿ ಅಂದ. ಸರಿ, ಒಪ್ಪಿದೆ. ಆಮೇಲೆ ಶುರುಮಾಡಿದ. ಹುಡುಗಿಯನ್ನು ಕರೆದೊಯ್ಯಲು ಯಾರೇ ಬರಲಿ, ಮೊದಲು ಅವಳನ್ನು ಒಳಗೆ ಕೂರಿಸಿ, ಬಂದವರಿಗೆ ಕಾಣದ ಹಾಗೆ, “ನಿನಗೆ ಇವರ ಜೊತೆ ಹೋಗಲು ಇಷ್ಟವೇ?” ಎಂದು ಕೇಳಬೇಕಂತೆ. ಹೂಂ ಅಂದರೆ ಮಾತ್ರ ಕಳಿಸಬೇಕಂತೆ. ಸುಮ್ಮನಿದ್ದರೆ ಹೂಂ ಅಲ್ಲವಂತೆ.

“ಯಾರ್ನ ಕೇಳೋದು? ಮಕ್ಳನ್ನಾ?” ಅಂದೆ.

“ಹೌದಮ್ಮ, ಅವರನ್ನೇ.”

“ಬರೋರೆಲ್ಲ ಅವ್ರ ಮಾಮಂದ್ರು ಕಣ್ರೀ. ಮಾಮನ ಜೊತೆ ಓಗಕ್ಕೆ ಕೇಳೋದೇನು?”

“ಯಾವ ಮಾಮ? ನಿಮ್ಮ ಕಡೆ ತಾಯಿಯ ತಮ್ಮನೂ ಮಾಮ, ತಂದೆಯ ಸ್ನೇಹಿತನೂ ಮಾಮ, ಮದುವೆಯಾಗುವವನೂ ಮಾಮ. ಮೂವರಲ್ಲಿ ಯಾರು ಬಂದಿದ್ದಾರೆ ಅಂತ ನಿಮಗೆ ಗೊತ್ತಿರಬೇಡವೇ?”

ಮೈ ಉರಿದುಹೋಯಿತು. ತಾಯಿಯ ತಮ್ಮನೂ ಕಟ್ಟಿಕೊಂಡವನೂ ಒಬ್ಬನೇ ಆಗಬಾರದೇನು? ನನ್ನ ಪಾಲಿಗೆ ಆಗಿಲ್ಲವೇ? ನನ್ನ ಮಾಮನನ್ನೇ ಕಟ್ಟಿಕೊಂಡು ನಾನು ಬದುಕಿಲ್ಲವೇ? ಇಷ್ಟೂ ಬಾಯಿಗೆ ಬಂತು, ನುಂಗಿಕೊಂಡೆ. ಕಾಫಿ ಕೊಡದೆ ಕಳಿಸಿದೆ.

೧೫ ಜುಲೈ, ಮಂಗಳವಾರ

ಇನ್ನೂ ಉರಿಯುತ್ತಿದೆ. ನಿಲಯದ ಅಧ್ಯಕ್ಷರಾದ ರಾಮಚಂದ್ರಪ್ಪನವರ ಹತ್ತಿರ ಹೋಗಿ ಕೂಗಾಡಿದೆ. “ಅವ್ನು ಏಳ್ದಂಗೆ ಮಾಡ್ಬಿಡಮ್ಮ. ಸರ್ಟಿಫಿಕೇಟ್ ಬರೋಗಂಟ ಮಾಡೋದು, ಬಂದ್ಮೇಲೆ ಗೋಡೆಗೆ ತಗಲಾಕೋದು, ಅಷ್ಟೇಯ” ಅಂದರು.

ಅದಾದರೂ ಮಾತು.

೨೬ ಜುಲೈ, ಶನಿವಾರ

ಉಗ್ರಾಣದಲ್ಲಿ ಒಂದು ಕುರ್ಚಿ ಹಾಕಿಸಿ, ಹುಡುಗಿಯರನ್ನು ಒಬ್ಬೊಬ್ಬಳಾಗಿ ಕೂರಿಸಿ ಆ ಪ್ರಶ್ನೆ ಕೇಳಿ ಅಭ್ಯಾಸ ಮಾಡಿಸಿದೆ. ಪುಸ್ತಕದ ಮಾತಿನಲ್ಲಿ ಕೇಳಿದರೆ ಪಕಪಕ ನಗುತ್ತವೆ. “ಓಗ್ತೀಯೇನೇ? ಬಾಯ್ ಬಿಟ್ಟು ಏಳೇ” ಅಂದರೆ, ಆ ದಿನ ಆದಿನಾರಾಯಣ ಮಾಡಿದ್ದನ್ನು ಬಾಗಿಲ ಸಂದಿಯಿಂದ ನೋಡಿದ್ದವು ಕೋತಿಗಳು, ಬೇಕೆಂದೇ ದಡಕ್ಕನೆ ಎದ್ದು ನಿಲ್ಲುತ್ತವೆ. ನನಗೂ ನಗು ಬಂತು. ಅವನನ್ನು ಹೀಗೆ ಆಡಿಕೊಂಡದ್ದಕ್ಕೆ ಸ್ವಲ್ಪ ಸಮಾಧಾನವಾಯಿತು.

ಎಲ್ಲರೂ “ಇಷ್ಟ ಅಮ್ಮಾ, ಓಗ್ತೀನಿ” ಅಂತ ಒಪ್ಪಿಸಿದರು. ಮಂಗಮ್ಮ ಮಾತ್ರ ಒಪ್ಪಿಸಲಿಲ್ಲ. ಒಂಬತ್ತನೆಯ ತರಗತಿಯ ಹುಡುಗಿ, ಲೆಕ್ಕದಲ್ಲಿ ಇಡೀ ಸ್ಕೂಲಿಗೇ ಮುಂದು. ತಂದೆ ಇಲ್ಲ, ತಾಯಿ ಅಕ್ಕಯ್ಯಮ್ಮ ಊರಿನಲ್ಲಿ ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಾಳೆ. ಕುರ್ಚಿಯ ತುದಿಯಲ್ಲಿ ಕೂತು, “ಅಮ್ಮಾ, ಬ್ಯಾಡ ಅಂದ್ರೆ ಏನಾಯ್ತದೆ?” ಎಂದು ಕೇಳಿದಳು.

“ಬ್ಯಾಡ ಅನ್ನಕ್ಕೆ ನಿಂಗೇನೇ ರೋಗ?” ಎಂದು ಗದರಿ ಎಬ್ಬಿಸಿ ಕಳಿಸಿದೆ. ಏನಾಗುತ್ತದೆ ಎಂದು ನನಗೂ ಗೊತ್ತಿಲ್ಲ. ಅವನು ಅದನ್ನು ಹೇಳಿಕೊಟ್ಟಿಲ್ಲ.

೧೦ ಆಗಸ್ಟ್, ಭಾನುವಾರ

ಚಿನ್ನದ ಗಣಿಯ ಮೈಸೂರು ಮೈನ್ಸಿಗೆ, ಮನೆಗೆ ಹೋಗಿದ್ದೆ. ರಾಬರ್ಟ್‌ಸನ್‌ಪೇಟೆಯಲ್ಲಿ ಇಳಿದು ನಮ್ಮವರಿಗೆ ವೀಳ್ಯದೆಲೆ, ಕೆಮ್ಮಿನ ಔಷಧಿ ತೆಗೆದುಕೊಂಡೆ. ಗಣಿಯ ಧೂಳು ಅವರ ಎದೆಯಲ್ಲಿ ಮನೆ ಮಾಡಿಕೊಂಡಿದೆ, ಮೆಟ್ಟಿಲು ಹತ್ತಿದರೆ ಸಾಕು ಏದುಸಿರು. ಆದರೂ ನಗುವುದನ್ನು ಬಿಟ್ಟಿಲ್ಲ. ಒಕ್ಕೂಟದ ಪ್ರಶ್ನೆಯ ಕಥೆ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು.

“ಅವತ್ತು ನಿನ್ನ ಕೇಳಿದ್ರೆ ಏನಂತಿದ್ಯೇ ರತ್ನ?” ಅಂದರು.

ನಾನು ಒಗ್ಗರಣೆ ಹಾಕುತ್ತಿದ್ದೆ. ಕೇಳಿಸಲಿಲ್ಲ ಅಂದೆ.

ಅವತ್ತು ಅಂದರೆ ಅವತ್ತೇ. ನಾನು ಏಳನೆಯ ತರಗತಿ. ಲೆಕ್ಕದ ಪೀರಿಯಡ್ಡು. ಅಮ್ಮನ ತಮ್ಮ ಸೈಕಲ್ಲಿನ ಹ್ಯಾಂಡಲ್ಲಿಗೆ ಕನಕಾಂಬರದ ದಂಡೆ ಸುತ್ತಿಕೊಂಡು ಸ್ಕೂಲಿನ ಬಾಗಿಲಿಗೆ ಬಂದ. “ಮಾಮ ಬಂದವ್ನೆ, ಓಗು” ಅಂದರು ಮೇಷ್ಟ್ರು. ಬೋರ್ಡಿನ ಮೇಲಿನ ಲೆಕ್ಕ ಬಿಡಿಸಿ ಹೋಗುತ್ತೇನೆ ಅಂದೆ, ನಾಳೆ ಬಿಡಿಸುವೆಯಂತೆ ಅಂದರು. ಎಷ್ಟೋ ವರ್ಷದ ಮೇಲೆ ಮನೆಯಲ್ಲೇ ಓದಿ ಎಸ್ಸೆಲ್ಸಿ ಪಾಸು ಮಾಡಿಕೊಂಡೆ, ಆ ಮಾತು ಬೇರೆ. ಇವರು ನನ್ನನ್ನು ಒಂದು ದಿನ ಹೊಡೆದವರಲ್ಲ. ಯಾಕೆ ಇದನ್ನೆಲ್ಲ ಬರೆಯುತ್ತಿದ್ದೇನೋ. ಬಸ್ಸಿನಲ್ಲಿ ಸೀಟು ಸಿಗಲಿಲ್ಲ, ಅದಕ್ಕೇ ಈ ತಲೆನೋವು.

೬ ಸೆಪ್ಟೆಂಬರ್, ಶನಿವಾರ

ನಾಳೆ ಗಣೇಶನ ಹಬ್ಬ. ಬೆಳಗಿನಿಂದ ಅಪ್ಪಂದಿರು, ಅಣ್ಣಂದಿರು, ಮಾಮಂದಿರು ಸಾಲುಗಟ್ಟಿ ಬಂದರು. ಹುಡುಗಿಯರು ಕುರ್ಚಿಯಲ್ಲಿ ಕೂರುವುದು, ಇಷ್ಟ ಅನ್ನುವುದು, ಓಡುವುದು. ಕಾಟಾಚಾರಕ್ಕೆ ಕೇಳುತ್ತ ಹೋದೆ.

ಊಟದ ಹೊತ್ತಿಗೆ ಮಂಗಮ್ಮನ ಮಾಮ ಮುನಿಸ್ವಾಮಪ್ಪ ಲೂನಾದಲ್ಲಿ ಬಂದ. ತಾಯಿಯ ಸ್ವಂತ ತಮ್ಮ, ಮೂವತ್ತರ ಆಳು. ಎಷ್ಟೋ ಸಲ ಬಂದಿದ್ದಾನೆ, ಎಷ್ಟೋ ಸಲ ಕಳಿಸಿದ್ದೇನೆ. ಇವತ್ತು ಅವನ ಹ್ಯಾಂಡಲ್ಲಿಗೆ ಕನಕಾಂಬರದ ದಂಡೆ ನೇತಾಡುತ್ತಿತ್ತು. ಯಾಕೋ ಅದನ್ನು ಕಂಡೊಡನೆ ಪಿತ್ತ ನೆತ್ತಿಗೇರಿತು. ಹಬ್ಬಕ್ಕೆ ಹೂ ತರಬಾರದೇ?

ಮಂಗಮ್ಮನನ್ನು ಕೂರಿಸಿ ಕೇಳಿದೆ, “ಮಾಮ ಬಂದವ್ನೆ, ಓಗ್ತೀಯೇನೇ?”

ತುಟಿ ಬಿಚ್ಚಲಿಲ್ಲ. ಎರಡನೆಯ ಸಲ ಕೇಳಿದೆ. ಇಲ್ಲ. “ನನ್ ಪ್ರಾಣ ತಿನ್ಬ್ಯಾಡ, ಏಳೇ!” ಎಂದು ಕಿರುಚಿದೆ.

ಎದ್ದಳು. ಎದ್ದವಳು ಬಾಗಿಲ ಕಡೆ ಹೋಗಲಿಲ್ಲ. ಅಡುಗೆಮನೆಗೆ ಹೋಗಿ ಪೆದ್ದಮ್ಮನ ಬೆನ್ನ ಹಿಂದೆ, ಒರಳಿನ ಪಕ್ಕ ಮುದುರಿ ಕೂತಳು. ಕಿಟಕಿಯಲ್ಲಿ ಇಣುಕುತ್ತಿದ್ದ ಮುನಿಸ್ವಾಮಪ್ಪ, “ಎದ್ಲಲ್ಲಮ್ಮ, ಬತ್ತಾಳೆ ಬಿಡು” ಅಂದ.

“ಬಾಯ್ ಬಿಡ್ಲಿಲ್ಲ ಅವ್ಳು. ಇಲ್ಲಿ ನಿಯಮ ಐತೆ. ಬಾಯ್ ಬಿಡ್ದಿದ್ರೆ ಕಳ್ಸಂಗಿಲ್ಲ.”

“ನಮ್ ಉಡ್ಗೀನ ನಾವ್ ಕರ್ಕೊಂಡೋಗಕ್ಕೆ ನಿನ್ನ ಕೇಳ್ಬೇಕೇನಮ್ಮ?”

“ನನ್ನಲ್ಲ, ಅವ್ಳನ್ನ!”

ಬೀದಿಯವರೆಲ್ಲ ತಿರುಗಿ ನೋಡಿದರು. ಅವನು ಗೊಣಗುತ್ತ ಹೋದ. ಎಂಥ ಅವಮಾನ! ಸ್ವಂತ ಮಾಮನನ್ನು ಗೇಟಿನಿಂದ ಓಡಿಸಿದವಳು ಅಂತ ನಾಳೆ ಬಂಗಾರಪೇಟೆಯ ಸಂತೆಯೆಲ್ಲ ಮಾತಾಡುತ್ತದೆ. ಆ ಆದಿನಾರಾಯಣನ ನಿಯಮಕ್ಕೆ ಬೆಂಕಿ ಬೀಳ. ಈ ಹುಡುಗಿಯ ಮೊಂಡುತನಕ್ಕೂ.

೭ ಸೆಪ್ಟೆಂಬರ್, ಭಾನುವಾರ

ಹಬ್ಬ. ಇಡೀ ನಿಲಯದಲ್ಲಿ ಉಳಿದವಳು ಅವಳೊಬ್ಬಳೇ, ಅವಳಿಂದಾಗಿ ನಾನೂ ಮನೆಗೆ ಹೋಗಲಿಲ್ಲ. ಅಲ್ಲಿ ಅವರಿಗೆ ಕಡುಬು ಯಾರು ಮಾಡಿಕೊಟ್ಟರೋ.

ಮಂಗಮ್ಮ ನನಗೆ ಹೇಳದ್ದನ್ನು ಪೆದ್ದಮ್ಮನಿಗೆ ಹೇಳಿದ್ದಾಳೆ. ದೀಪಾವಳಿ ಕಳೆದು ಕಾರ್ತೀಕದಲ್ಲಿ ಮಾಮನ ಜೊತೆ ಮದುವೆಯಂತೆ. ಸೀರೆ ತಂದಾಗಿದೆ. ಹಬ್ಬಕ್ಕೆ ಅಂತ ಕರೆದುಕೊಂಡು ಹೋದರೆ ಮತ್ತೆ ಕಳಿಸುವುದಿಲ್ಲವಂತೆ.

“ಅದ್ನ ಕುರ್ಚೀಲಿ ಕುಂತಾಗ ಬೊಗಳಕ್ಕೆ ಏನಾಗಿತ್ತೇ?” ಎಂದು ಕೂಗಿದೆ.

“ನೀವು ಏಳು ಅಂದ್ರಿ, ಎದ್ದೆ” ಅಂದಳು. ಕೊಬ್ಬೋ ಭಯವೋ ಮುಖ ನೋಡಿದರೆ ಗೊತ್ತಾಗಲಿಲ್ಲ. ಹೊಡೆಯಲು ಕೈ ಎತ್ತಿದ್ದೆ. ಆ ಕೈಯಿಂದಲೇ ಇನ್ನೊಂದು ಕಡುಬು ಬಡಿಸಿದೆ.

೧೦ ಸೆಪ್ಟೆಂಬರ್, ಬುಧವಾರ

ಅಕ್ಕಯ್ಯಮ್ಮ ಬಂದು ಗೇಟಿನಲ್ಲೇ ನಿಂತು ಮಂಗಳಾರತಿ ಎತ್ತಿದಳು.

“ನನ್ ಮಗ್ಳನ್ನ ನೀನ್ಯಾರಮ್ಮ ಇಡ್ಕೊಳ್ಳಕ್ಕೆ? ಮಾಮ ಇರೋವಾಗ ಒರಗ್ನೋರಿಗೆ ಯಾಕ್ ಕೊಡ್ಲಿ? ನಮ್ ಒಲ ಉಳೋನು ಅವ್ನು. ನಾಳೆ ಅವ್ನು ಕೈ ಬಿಟ್ರೆ ನನ್ ಗತಿ?”

“ಅದ್ಕೆ ಉಡ್ಗೀನ ಕೊಡ್ತೀಯಾ? ಆ ಮಗೀಗೆ ಇಷ್ಟ ಇಲ್ಲ ಕಣಮ್ಮ. ಇನ್ನೂ ಒಂಬತ್ನೇ ಕ್ಲಾಸು. ಕಾನೂನೂ ಒಪ್ಪಲ್ಲ.”

ಇಷ್ಟು ಚಿಕ್ಕವರ ಮದುವೆಯನ್ನು ಕಾನೂನು ಒಪ್ಪುವುದಿಲ್ಲ ಎಂದು ಮೊದಲ ಸಲ ಬಂದಾಗ ಆದಿನಾರಾಯಣ ಹೇಳಿದ್ದ. ಅವನ ಮಾತು ನನ್ನ ಬಾಯಲ್ಲಿ ಬಂದದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

“ಇಷ್ಟವಂತೆ! ನನ್ನ ಯಾರ್ ಕೇಳಿದ್ರು? ನಿನ್ನ ಯಾರಾನ ಕೇಳಿದ್ರಾ?” ಅಂದಳು ಅಕ್ಕಯ್ಯಮ್ಮ.

“ಡೈರಿ ಆಲಿಗೆ ನೀರು ಉಯ್ಯೋಳು ನೀನು, ನಂಗೆ ಬುದ್ಧಿ ಏಳ್ಬ್ಯಾಡ!” ಎಂದೆ.

ಯಾಕೆ ಹಾಗಂದೆನೋ. ಅವಳು ಹಾಲಿಗೆ ನೀರು ಹಾಕುವವಳಲ್ಲ. ಕಣ್ಣಲ್ಲಿ ನೀರು ತಂದುಕೊಂಡು ಹೋದಳು.

೧೨ ಸೆಪ್ಟೆಂಬರ್, ಶುಕ್ರವಾರ

ಸಿಟ್ಟಿಗೆ ಅಕ್ಷರ ಸೊಟ್ಟಗೆ ಬರುತ್ತಿವೆ.

ರಾಮಚಂದ್ರಪ್ಪನವರು ಕರೆಸಿದ್ದರು. ಮುನಿಸ್ವಾಮಪ್ಪ ಅವರಿಗೆ ಬೇಕಾದವನು, ಚುನಾವಣೆಯಲ್ಲಿ ಅವರ ಪರ ಓಡಾಡಿದವನು. ಗುರುವಾರ ಆದಿನಾರಾಯಣ ತಪಾಸಣೆಗೆ ಬರುತ್ತಾನೆ, ಅದರೊಳಗೆ ಮಂಗಮ್ಮನ ಹೆಸರು ಹೊಡೆದುಹಾಕಿ, ಟೀಸಿ ಕೊಡಿಸಿ, ತಾಯಿಯ ಜೊತೆ ಸಾಗಹಾಕಬೇಕಂತೆ.

“ಅಲ್ಲಮ್ಮ, ನಿಯಮ ಇರೋದು ಇಲ್ಲಿರೋ ಮಕ್ಳಿಗೆ. ಇಲ್ಲಿಲ್ದಿರೋ ಉಡ್ಗೀಗೆ ಯಾವ್ ನಿಯಮ? ನಮ್ಗೂ ಗಲಾಟೆ ಇಲ್ಲ, ಸರ್ಟಿಫಿಕೇಟ್ಗೂ ಕಪ್ಪುಚುಕ್ಕೆ ಇಲ್ಲ.”

ಎಂಥ ತಲೆ! ಮಗು ಸುರಕ್ಷಿತ ಅಂತ ಪತ್ರ ಬರೆಸಿಕೊಳ್ಳಲು ಆ ಮಗುವನ್ನೇ ಗೇಟಿನಿಂದಾಚೆ ನೂಕಬೇಕಂತೆ. ಇಷ್ಟು ವರ್ಷ ಈ ಮನುಷ್ಯನಿಗೆ ನಮಸ್ಕಾರ ಹಾಕಿದ್ದೇನಲ್ಲ, ಆ ನಮಸ್ಕಾರಗಳನ್ನೆಲ್ಲ ವಾಪಸು ತೆಗೆದುಕೊಳ್ಳಬೇಕು ಅನ್ನಿಸಿತು.

“ಕಳ್ಸಲ್ಲ ಸಾರ್” ಅಂದೆ.

“ಏನಂದೆ?”

“ಅವ್ಳು ಬಾಯ್ ಬಿಟ್ಟು ಓಗ್ತೀನಿ ಅನ್ನೋಗಂಟ ಕಳ್ಸಲ್ಲ.”

ನಾನು ಆ ನಿಯಮದ ಪರ ಅಲ್ಲ. ಅದು ಬೆಂಗಳೂರಿನವರ ತಲೆಹರಟೆ ಅಂತ ಈಗಲೂ ಹೇಳುತ್ತೇನೆ. ಆದರೆ ಮಾಡು ಅಂದ ಮೇಲೆ ಸರಿಯಾಗಿ ಮಾಡಬೇಕು, ಅಷ್ಟೇ. ಗುರುವಾರವೇ ಬನ್ನಿ ಎಂದು ಅಕ್ಕಯ್ಯಮ್ಮನಿಗೂ ಮುನಿಸ್ವಾಮಪ್ಪನಿಗೂ ಹೇಳಿಕಳಿಸಿದ್ದೇನೆ. ಬರಲಿ. ಎಲ್ಲರೂ ಬರಲಿ.

೧೪ ಸೆಪ್ಟೆಂಬರ್, ಭಾನುವಾರ

ಮೈಸೂರು ಮೈನ್ಸಿಗೆ ಹೋಗಿ ಎಲ್ಲ ಹೇಳಿದೆ. ಈ ಸಲ ಅವರು ನಗಲಿಲ್ಲ. “ಮಾಮಂಗೆ ಕೊಟ್ರೆ ಏನ್ ಕಷ್ಟವೇ? ನಾನು ನಿನ್ನ ಚೆನ್ನಾಗ್ ನೋಡ್ಕಳ್ಳಿಲ್ವಾ?” ಅಂದರು.

“ನೋಡ್ಕಂಡ್ರಿ” ಅಂದೆ.

ಸಾರಿಗೆ ಉಪ್ಪು ಎರಡು ಸಲ ಬಿದ್ದಿತ್ತು. ಮಾತಾಡದೆ ಉಂಡರು, ಪಾಪ.

೧೮ ಸೆಪ್ಟೆಂಬರ್, ಗುರುವಾರ

ಆದಿನಾರಾಯಣ ಬಾವಿಯ ಮುಚ್ಚಳ ನೋಡಿದ, ಚಿಲಕ ನೋಡಿದ, ಉಗ್ರಾಣದ ಕುರ್ಚಿ ನೋಡಿದ. ರಾಮಚಂದ್ರಪ್ಪನವರು ಮದುವೆಮನೆಯ ಹಿರಿಯರ ಹಾಗೆ ಹಿಂದೆ ಮುಂದೆ ಓಡಾಡುತ್ತ, “ನಮ್ಮಲ್ಲಿ ಎಲ್ಲ ಮಕ್ಳೂ ಕುಸಿಯಾಗಿ ಓಯ್ತಾರೆ, ಕುಸಿಯಾಗಿ ಬತ್ತಾರೆ ಸಾರ್” ಅಂದರು.

“ಬಹಳ ಸಂತೋಷ. ಹಾಗಾದರೆ ಯಾರೂ ಬೇಡ ಅಂದಿಲ್ಲ” ಎಂದು ಆದಿನಾರಾಯಣ ಕುರ್ಚಿಯಲ್ಲಿ ಕೂತು ಪೆನ್ನು ತೆಗೆದ.

ಗೇಟಿನ ಹತ್ತಿರ ಲೂನಾ ನಿಂತ ಸದ್ದು ಕೇಳಿಸಿತು.

“ಒಬ್ಳು ಅವ್ಳೆ. ಬನ್ನಿ, ನೀವೇ ಕೇಳಿ” ಅಂದೆ. ಕಾರ್ತೀಕದ ಮದುವೆ, ಟೀಸಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ರಾಮಚಂದ್ರಪ್ಪನವರು ಮೊದಲು ಕೆಮ್ಮಿದರು, ಆಮೇಲೆ ಕಣ್ಣು ಬಿಟ್ಟರು, ಆಮೇಲೆ ನಿಂತಲ್ಲೇ ಕೆಂಪಾದರು.

ಆದಿನಾರಾಯಣ ಪೆನ್ನಿಗೆ ಮುಚ್ಚಳ ಹಾಕಿದ. “ಇದು ಮನೆಯವರ ವಿಷಯ ಆಗುತ್ತದಲ್ಲಮ್ಮ. ನಾನು ಬರೀ ತಪಾಸಣೆಗೆ ಬಂದವನು. ಮೇಲಿನವರನ್ನು ಕೇಳಿ...”

ಇಷ್ಟು ದಿನ ಕಟ್ಟಿಕೊಂಡಿದ್ದದ್ದೆಲ್ಲ ಒಡೆಯಿತು. “ಏನ್ರೀ! ನಮ್ ಮಕ್ಳನ್ನ ಕೇಳು ಅಂತ ಕಲ್ಸಕ್ಕೆ ಅಲ್ಲಿಂದ ರೈಲತ್ಕೊಂಡು ಬಂದ್ರಿ. ಈಗ ಉತ್ರ ಬಂದ್ರೆ ಕಿವಿ ಮುಚ್ಕಂತೀರಾ? ಬ್ಯಾಡ ಅಂದ್ರೆ ಏನಾಯ್ತದೆ ಅಂತ ಆ ಉಡ್ಗಿ ಆವತ್ತೇ ಕೇಳಿದ್ಲು. ಏಳಿ, ಏನಾಯ್ತದೆ? ಏಳಿ!”

ಈ ಸಲವೂ ಅವನು ಕುರ್ಚಿಯಿಂದ ಎದ್ದ. ಆದರೆ ಎದ್ದವನು, “ಕರೆಯಿರಿ ಅಮ್ಮ, ಕೇಳೋಣ” ಅಂದ.

ಮುನಿಸ್ವಾಮಪ್ಪನನ್ನು ಗೇಟಿನಲ್ಲೇ ನಿಲ್ಲಿಸಿದೆವು. ರಾಮಚಂದ್ರಪ್ಪನವರನ್ನೂ ಆದಿನಾರಾಯಣ ಹೊರಗೆ ಕಳಿಸಿದ, ಅದೊಂದು ಒಳ್ಳೆಯ ಕೆಲಸ ಮಾಡಿದ. ಅಕ್ಕಯ್ಯಮ್ಮ ಅಕ್ಕಿ ಮೂಟೆಗೆ ಒರಗಿ ನಿಂತಳು. ಮಂಗಮ್ಮ ಬಂದು ಕುರ್ಚಿಯಲ್ಲಿ ಕೂತಳು. ನಾನು ಅವಳ ಎದುರು ನೆಲದ ಮೇಲೆ ಕೂತೆ.

“ಮಂಗಮ್ಮ, ಮಾಮ ಬಂದವ್ನೆ. ಓಗ್ತೀಯಾ? ಕುಂತ್ಕಂಡೇ ಏಳು.”

ಪೆದ್ದಮ್ಮ ಒಗ್ಗರಣೆ ಸೀಯಲು ಬಿಟ್ಟು ಬಾಗಿಲಿಗೆ ಬಂದು ನಿಂತಿದ್ದಳು.

“ಬ್ಯಾಡ” ಅಂದಳು ಮಂಗಮ್ಮ. ಆಮೇಲೆ ಸ್ವಲ್ಪ ಜೋರಾಗಿ, “ನಾನು ಓಗಲ್ಲ. ಓದ್ತೀನಿ.”

ಅಕ್ಕಯ್ಯಮ್ಮ ಮೂಟೆ ಬಿಟ್ಟು ಮುಂದೆ ಬಂದಳು. “ಇಷ್ಟು ದಿನ ನಂಗ್ಯಾಕೇ ಏಳ್ಲಿಲ್ಲ ಪಾಪ?”

“ನೀನು ಕೇಳ್ಲಿಲ್ವಲ್ಲಮ್ಮಾ.”

ಆ ತಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. ನನ್ನ ಕಡೆ ನೋಡಲಿಲ್ಲ. ನೆಟ್ಟಗೆ ಗೇಟಿಗೆ ಹೋದಳು. “ಓಗಪ್ಪ ತಮ್ಮ. ಈ ಕಾರ್ತೀಕ ಬ್ಯಾಡ. ಎಸ್ಸೆಲ್ಸಿ ಆಗ್ಲಿ, ಆಮೇಲೂ ಅವ್ಳನ್ನ ಕೇಳಾಣ” ಅಂದಳು.

ಮುನಿಸ್ವಾಮಪ್ಪ ಬಾಯಿಗೆ ಬಂದದ್ದು ಬೈದ. ಒಲಕ್ಕೆ ಕಾಲಿಡಲ್ಲ ಅಂದ. “ಗುತ್ಗೆಗೆ ಕೊಟ್ಕಂತೀನಿ” ಅಂದಳು ಅಕ್ಕಯ್ಯಮ್ಮ. ಆಮೇಲೆ ನಾನೇ ಅವಳ ಹತ್ತಿರ ಹೋಗಿ, ಹಾಲಿನ ಮಾತು ತಪ್ಪಾಯ್ತು ಕಣಮ್ಮ ಅಂದೆ.

ಆದಿನಾರಾಯಣನಿಗೆ ಕಾಫಿ ಕೊಟ್ಟೆ. ಪೆದ್ದಮ್ಮ ನನ್ನನ್ನು ಹಾಗೇಕೆ ನೋಡಿದಳೋ. ಮನೆಗೆ ಬಂದವರಿಗೆ ಕಾಫಿ ಕೊಡುವುದಿಲ್ಲವೇ?

೧೯ ಸೆಪ್ಟೆಂಬರ್, ಶುಕ್ರವಾರ

ಪ್ರಮಾಣಪತ್ರ ಮುಂದಕ್ಕೆ ಹೋಯಿತು. ಟೀಸಿಯ ವಿಚಾರಕ್ಕೆ ಅಧ್ಯಕ್ಷರು ಉತ್ತರ ಕೊಡಬೇಕಂತೆ, ಕೊಡುವವರೆಗೂ ಇಲ್ಲವಂತೆ. ಆದಿನಾರಾಯಣ ಅಷ್ಟಾದರೂ ಗಟ್ಟಿಯಾಗಿ ನಿಂತ. ರಾಮಚಂದ್ರಪ್ಪನವರು ಬಂದು, “ಮಾರ್ಚಿಗೆ ಬ್ಯಾರೆ ಕೆಲ್ಸ ನೋಡ್ಕ” ಅಂದರು. ನೋಡಿಕೊಳ್ಳುತ್ತೇನೆ. ಹೋಗುವ ಮೊದಲು ಅವರ ಗೋಡೆಗೆ ಒಂದು ಮೊಳೆ ಹೊಡೆದು ಖಾಲಿ ಬಿಟ್ಟುಹೋಗುತ್ತೇನೆ.

೨೮ ಸೆಪ್ಟೆಂಬರ್, ಭಾನುವಾರ

ಈ ವಾರ ಮನೆಗೆ ಹೋಗಲಿಲ್ಲ. ಔಷಧಿಯನ್ನು ಪಕ್ಕದ ಮನೆಯವರ ಕೈಯಲ್ಲಿ ಕಳಿಸಿದೆ. ಮಂಗಮ್ಮನಿಗೆ ಪರೀಕ್ಷೆ ಇದೆ ಅಂತ ಉಳಿದುಕೊಂಡೆ. ಅವಳಿಗೆ ಪರೀಕ್ಷೆ ಇದ್ದರೆ ನನಗೇನು ಅಂತ ಪೆದ್ದಮ್ಮ ಕೇಳಿದಳು, ಕಣ್ಣು ಬಿಟ್ಟೆ.

ನಾನೂ ಪೆದ್ದಮ್ಮನೂ ಉಗ್ರಾಣ ಗುಡಿಸುತ್ತಿದ್ದೆವು. ಕುರ್ಚಿಯ ಒಂದು ಕಾಲು ಅಲ್ಲಾಡುತ್ತದೆ ಅಂದಳು. ನೋಡೋಣ ಎಂದು ಕೂತೆ. ಪೆದ್ದಮ್ಮ ಪೊರಕೆ ಹಿಡಿದುಕೊಂಡು ಎದುರಿಗೆ ಕುಕ್ಕರುಗಾಲಿನಲ್ಲಿ ಕೂತಳು.

“ಏಮಮ್ಮಾ, ನಿನ್ನೂ ಒಂದ್ಸಲ ಕೇಳ್ಲಾ? ಗಂಗರತ್ನಮ್ಮಾ, ಮಾಮ ಬಂದವ್ರೆ, ಸೈಕಲ್ ತಂದವ್ರೆ. ಓಗ್ತೀಯಾ?”

ಆ ಸೈಕಲ್ಲಿನ ಕಥೆಯನ್ನು ಅವಳಿಗೆ ಎಂದೋ ಹೇಳಿದ್ದೆ. ನಾನು ನಕ್ಕೆ. ಅವಳು ನಗಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು.

“ಏಳಮ್ಮಾ” ಅಂದಳು ಮೆಲ್ಲಗೆ.

ಎದ್ದೆ. ಎದ್ದು ಹೊರಗೆ ಹೋಗಿ, ಬೇಲಿಯ ಮೇಲೆ ಬಟ್ಟೆ ಒಣಹಾಕಿದ್ದಕ್ಕೆ ಹುಡುಗಿಯರಿಗೆಲ್ಲ ಬಾಯಿ ನೋಯುವ ತನಕ ಬೈದೆ.

ಅವಳು ಹೇಳು ಅಂದದ್ದು. ಅಷ್ಟು ನನಗೆ ಗೊತ್ತಾಗುವುದಿಲ್ಲವೇ?

ಈಗ ಆ ಕುರ್ಚಿಯನ್ನೇ ಎಳೆದುಕೊಂಡು ಕೂತಿದ್ದೇನೆ. ಆಚೆ ಕೋಣೆಯಲ್ಲಿ ಮಂಗಮ್ಮ ಲೆಕ್ಕ ಬಿಡಿಸುತ್ತ ಬಾಯಲ್ಲಿ ಮಗ್ಗಿ ಹೇಳಿಕೊಳ್ಳುತ್ತಿದ್ದಾಳೆ. ನಮ್ಮವರು ಒಳ್ಳೆಯವರು, ಅವರಿಗೆ ಎದುರು ನಿಂತು ಇದನ್ನು ನಾನು ಎಂದೂ ಹೇಳಲಾರೆ. ಹೇಳಿ ಈಗ ಆಗಬೇಕಾದ್ದೂ ಇಲ್ಲ. ಆದರೆ ಕೇಳಿದ್ದಕ್ಕೆ ಉತ್ತರ ಕೊಡಬೇಕಲ್ಲ. ಕೂತುಕೊಂಡೇ ಕೊಡುತ್ತಿದ್ದೇನೆ.

ಬ್ಯಾಡ. ನಾನು ಓಗಲ್ಲ.